ಲೇಬಲ್ ಮೇಲಿನ ಅತ್ತೆ

ಅಯ್ಯೋ, ಅದನ್ನ ಮುಟ್ಟಬೇಡಿ ಅತ್ತೆ, ಅದಿನ್ನೂ ಹಸಿ! ಕೈ ಚುರುಗುಟ್ಟುತ್ತೆ. ಆ ಕಡೆ ಸಾಲಿಂದ ತಗೊಳ್ಳಿ... ಹಾಂ, ಅದು. ಅದು ನಲವತ್ತು ದಿನ ಒಣಗಿದೆ, ಮಗುವಿನ ಕೆನ್ನೆಗೂ ಹಚ್ಚಬಹುದು. ಮೂಸಿ ನೋಡಿ, ಪುದೀನ. ಅಲ್ಲ, ಅಲ್ಲ, ತಿರುಗಿಸಿ ಏನು ನೋಡ್ತೀರಿ, ಹಿಂದುಗಡೆ ಏನಿರುತ್ತೆ ಮಣ್ಣು. ಎಣ್ಣೆ ಇಂಥದ್ದು, ತೂಕ ಇಷ್ಟು ಅಂತ ಬರೆದಿರುತ್ತೆ. ಕೊಡಿ ಇಲ್ಲಿ. ಅದಿರಲಿ, ನಿಮ್ಮ ಕನ್ನಡಕ ನೋಡಿ ಹೇಗಿದೆ! ದಾರಿ ಧೂಳೆಲ್ಲ ಅದರ ಮೇಲೇ ಇದೆ. ತೆಗೀರಿ, ಒರೆಸಿಕೊಡ್ತೀನಿ. ತೆಗೀರಿ ಅಂದ್ರೆ. ನನ್ನ ಹತ್ರ ಮೆತ್ತನೆ ಬಟ್ಟೆ ಇದೆ, ಸೋಪಿಗೆ ಹೊಳಪು ಕೊಡೋದು. ಎರಡೇ ನಿಮಿಷ... ನಾಲ್ಕು ನಿಮಿಷ. ಕೂತ್ಕೊಳ್ಳಿ.

ಹೇಳದೆ ಕೇಳದೆ ಬಂದುಬಿಟ್ರಲ್ಲ! ಹನ್ನೊಂದು ತಿಂಗಳಾದ ಮೇಲೆ! ಸಂತೋಷ ಅತ್ತೆ, ಸಂತೋಷ ಆಗದೆ ಏನು. ಹಣೆ ಯಾಕೆ ನೋಡ್ತಿದ್ದೀರಿ? ಇದು ಬೆವರೇ, ಆದ್ರೆ ಸಂತೋಷದ ಬೆವರು. ನಿಮ್ಮ ಮಗನಿಗಾದ್ರೂ ಒಂದು ಮಾತು ಹೇಳಿದ್ರೆ ಬಂದು ಕರ್ಕೊಂಡು ಬರ್ತಿದ್ರು. ತಲೆ ಆಡಿಸ್ತೀರಿ... ಅವರಿಗೆ ಗೊತ್ತಿತ್ತಾ? ಗೊತ್ತಿದ್ದೂ ನನಗೆ ಹೇಳಲಿಲ್ಲವಾ? ಆಗಲಿ. ಸಂಜೆ ಮನೆಗೆ ಬರಲಿ, ಆಮೇಲಿದೆ ಅವರಿಗೆ ಸ್ನಾನ.

ಈಗ ವಿಷಯ ಏನಂದ್ರೆ... ಕೇಳಿಸ್ಕೊಳ್ಳಿ ಸ್ವಲ್ಪ. ನಾಲ್ಕು ಗಂಟೆಗೆ ಒಬ್ಬರು ಬರ್ತಾರೆ. ದೊಡ್ಡ ರಸ್ತೆಯಲ್ಲಿ ಸ್ನಾನದ ಸಾಮಾನಿನ ಅಂಗಡಿ ಇದೆಯಲ್ಲ, ಗಾಜಿನ ಬಾಗಿಲಿನದು, ಒಳಗೆ ಹೋಗೋಕೇ ಭಯ ಆಗುತ್ತೆ, ಅದರ ಯಜಮಾನಿ. ತಿಂಗಳಿಗೆ ಇನ್ನೂರು ಸೋಪು ಬೇಕು ಅಂದಿದ್ದಾರೆ. ಇನ್ನೂರು! ಇವತ್ತು ಬಂದು, ಕೆಲಸ ಮಾಡೋ ಜಾಗ ನೋಡಿ, ಮಾತು ಪಕ್ಕಾ ಮಾಡ್ತಾರೆ. ಇನ್ನು ಇಪ್ಪತ್ತೇ ನಿಮಿಷ ಇದೆ. ಅದಕ್ಕೆ ನೀವು ಏನು ಮಾಡಿ, ಒಳಗೆ ಹೋಗಿ ಒಂದು ಗಂಟೆ ಮಲಗಿಬಿಡಿ. ದಣಿದಿದ್ದೀರಿ ಪಾಪ. ಮಲಗಿ, ಬಾಗಿಲು ಹಾಕ್ಕೊಳ್ಳಿ, ಕೆಮ್ಮಬೇಡಿ.

ಹುಬ್ಬು ಯಾಕೆ ಏರಿಸ್ತೀರಿ? ಕೆಮ್ಮು ಬಂದ್ರೆ ಕೆಮ್ಮಿ, ನಾನೇನು ಬೇಡ ಅಂದ್ನಾ. ಮೆಲ್ಲಗೆ ಕೆಮ್ಮಿ ಅಂದೆ ಅಷ್ಟೇ.

ಆ ಕಡೆ ಬೇಡ! ನಿಮ್ಮ ರೂಮಿಗೆ ಬೇಡ, ನಮ್ಮ ರೂಮಿಗೆ ಹೋಗಿ. ನಿಮ್ಮ ರೂಮಲ್ಲಿ ಮಂಚದ ಮೇಲೆ... ಮುನ್ನೂರು ಸೋಪು ಮಲಗಿವೆ. ಹಾಗೆ ನೋಡಬೇಡಿ ಅತ್ತೆ. ಮನೆಗೆಲ್ಲ ನಿಮ್ಮ ರೂಮೇ ಒಳ್ಳೇದು, ಗಾಳಿ ಆಡುತ್ತೆ, ನೇರ ಬಿಸಿಲು ಬೀಳಲ್ಲ. ಸೋಪಿಗೆ ಬೇಕಾಗಿರೋದು ಅದೇ. ದಿನಾ ಒಂದೊಂದನ್ನೂ ಎತ್ತಿ ಮಗ್ಗುಲು ಬದಲಿಸಬೇಕು. ನಿಮ್ಮ ಮಗನಿಗೆ ಜ್ವರ ಬಂದಾಗಲೂ ನಾನು ಅಷ್ಟು ನೋಡ್ಕೊಂಡಿಲ್ಲ. ನಿಮ್ಮ ದಿಂಬು ಮಾತ್ರ ಮುಟ್ಟಿಲ್ಲ, ಬೀರುವಲ್ಲಿ ಹಾಗೇ ಇದೆ. ಯಾಕೆ ಇಟ್ಟೆ ಅಂತ ಕೇಳಬೇಡಿ. ಇಟ್ಟೆ.

ನಗ್ತಿದ್ದೀರಾ? ಇಲ್ಲವಾ? ತುಟಿ ಅಲ್ಲಾಡಿದ ಹಾಗಾಯ್ತು.

ನೋಡಿ, ಹೀಗೆ ಮಾಡೋದು. ಸೋಪು ಮಾಗಿದೆಯಾ ಇಲ್ಲವಾ ಅಂತ ಗೊತ್ತಾಗಬೇಕಾದ್ರೆ ನಾಲಿಗೆ ತುದಿ ಮುಟ್ಟಿಸಬೇಕು. ಹೀಗೆ... ಥೂ. ಏನೂ ಅನ್ನಲಿಲ್ಲ ನೋಡಿ, ಮಾಗಿದೆ. ಚುರುಕ್ ಅಂತ ಹೊಡೆದ್ರೆ ಒಳಗೆ ಇನ್ನೂ ಕ್ಷಾರ ಇದೆ ಅಂತ. ಅಯ್ಯೋ, ಬಾಯಿ ಮುಚ್ಕೊಂಡು ಯಾಕೆ ಹಿಂದೆ ಸರೀತೀರಿ, ಹುಚ್ಚು ಹಿಡಿದಿಲ್ಲ ನನಗೆ, ಸೋಪು ಮಾಡೋರೆಲ್ಲ ಹೀಗೇ ನೆಕ್ಕೋದು. ಹೊರಗೆ ಯಾರಿಗೂ ಹೇಳಲ್ಲ ಅಷ್ಟೇ. ಇದು ಸ್ನಾನದ ಉಪ್ಪು. ಇದು ನೀರಿಗೆ ಹಾಕಿದ್ರೆ ಬುಸ್ ಅಂತ ನೊರೆ ಬಿಡೋ ಉಂಡೆ. ನಿಮ್ಮ ಮಗ ಇದನ್ನ ನೆಲ ಒರೆಸೋ ಬಕೆಟ್ಟಿಗೆ ಬೀಳಿಸಿ, ಬಕೆಟ್ಟಿಗೆ ಬೆಂಕಿ ಬಿತ್ತು ಅಂತ ಬರಿಗಾಲಲ್ಲಿ ಬೀದಿಗೆ ಓಡಿದ್ರು. ಇಡೀ ಬೀದಿ ನಕ್ಕಿತು. ಒಂದು ವಾರ ಅವರು ಎದುರುಮನೆಯವರಿಗೆ ಮುಖ ತೋರಿಸಲಿಲ್ಲ.

ಮುಖ ಅಂದೆ ಅಂತ ಆ ಸೋಪಿನ ಲೇಬಲ್ ಯಾಕೆ ಎತ್ತಿ ತೋರಿಸ್ತೀರಿ? ಗೊತ್ತಾಗಿಬಿಡ್ತಾ? ಕನ್ನಡಕ ಇಲ್ಲದೇನೇ? ಹೌದು ಅತ್ತೆ. ನಿಮ್ಮದೇ. ಎಲ್ಲದರ ಮೇಲೂ ನಿಮ್ಮದೇ ಮುಖ. ಬ್ಯಾಂಕಿಗೆ ಅಂತ ತೆಗೆಸಿದ್ದ ಫೋಟೋ. ಫೋಟೋದವನು ಸ್ವಲ್ಪ ನಗಿ ಅಂದಿದ್ದಕ್ಕೆ ನೀವು ಅವನನ್ನ ಒಂದು ನೋಟ ನೋಡಿದ್ರಲ್ಲ, ಅದೇ ನೋಟ. ಕೋಪ ಮಾಡ್ಕೊಬೇಡಿ, ಮೊದಲು ಕೇಳಿ. ಶನಿವಾರದ ಸಂತೆಯಲ್ಲಿ ನಾನು ಮೇಜು ಹಾಕ್ಕೊಂಡು ಕೂತಾಗ, ಲೇಬಲ್ ಮೇಲೆ ಹೂವಿತ್ತು. ಚೆಂದದ ಹೂವು. ಬೆಳಗ್ಗೆಯಿಂದ ಸಂಜೆ ತನಕ ನಾಲ್ಕು ಸೋಪು ಹೋದವು, ಅದರಲ್ಲಿ ಎರಡು ಪಕ್ಕದ ಮೇಜಿನ ಜೇನಿನವನು ಕನಿಕರಕ್ಕೆ ತಗೊಂಡಿದ್ದು. ಅವನೇ ಅಂದ, ಹೂವು ಎಲ್ಲರ ಸೋಪಿನ ಮೇಲೂ ಇರುತ್ತೆ ಅಕ್ಕ, ನಿಮ್ಮ ಸೋಪಿಗೊಂದು ಮುಖ ಬೇಕು ಅಂತ. ನನ್ನ ಮುಖ ಹಾಕಿ ನೋಡಿದೆ. ಆ ಮುಖ ನೋಡಿದ್ರೆ ಸೋಪು ಮಾರೋ ಹಾಗಲ್ಲ, ಅನುಕಂಪ ಕೇಳೋ ಹಾಗಿತ್ತು. ಆಮೇಲೆ ನಿಮ್ಮದು. ಕೆಳಗೆ 'ಅತ್ತೆಯ ಕೈಗುಟ್ಟು' ಅಂತ ಹಾಕಿಸಿದೆ. ಏನಾಯ್ತು ಗೊತ್ತಾ? ಒಂದು ಹೆಂಗಸು ಬಂದು, ಲೇಬಲ್ಲನ್ನ ದಿಟ್ಟಿಸಿ ನೋಡಿ, ಈ ಮುಖ ಸುಳ್ಳು ಹೇಳಲ್ಲ ಅಂದ್ಲು. ಐದು ತಗೊಂಡ್ಲು!

ಗೊತ್ತು. ಗೊತ್ತು ಅತ್ತೆ. ನೀವು ಜನ್ಮದಲ್ಲಿ ಒಂದು ಸೋಪು ಮಾಡಿಲ್ಲ. ಸೋಪು ಕರಗಿ ಸಣ್ಣಗಾದ್ರೆ ಅದನ್ನ ಹೊಸದಕ್ಕೆ ಅಂಟಿಸಿ ಬಳಸೋದು, ಅದೊಂದೇ ನಿಮ್ಮ ಕೈಗುಟ್ಟು. ಆದ್ರೆ ಜನ ಕೇಳ್ತಾರಲ್ಲ. ನಿಮ್ಮ ಅತ್ತೆ ಏನಂತಿದ್ರು, ಹೇಗೆ ಮಾಡ್ತಿದ್ರು ಅಂತ. ನಾನು ಹೇಳಿದೆ. ಒಳ್ಳೆ ಸೋಪು, ಒಳ್ಳೆ ಮಾತು ಎರಡೂ ಮೆಲ್ಲಗೆ ನೊರೆ ಬರಬೇಕು ಅಂತಿದ್ರು ನಮ್ಮತ್ತೆ ಅಂತ. ಹೌದು, ನೀವು ಹಾಗೆ ಯಾವತ್ತೂ ಅಂದಿಲ್ಲ. ನೀವು ಅಂತಿದ್ದದ್ದು, ಬಾತ್‌ರೂಮಲ್ಲಿ ಏನು ಸಂಸಾರ ಹೂಡಿದ್ದೀಯಾ ಬೇಗ ಹೊರಗೆ ಬಾ ಅಂತ. ಅದನ್ನ ಲೇಬಲ್ ಮೇಲೆ ಹಾಕೋಕಾಗುತ್ತಾ?

ಈಗ ನಕ್ರಿ! ನಕ್ರಿ, ನಾನು ನೋಡಿದೆ. ಮುಚ್ಚಿಟ್ಕೊಳ್ಳಬೇಡಿ.

ನನ್ನ ಮೊದಲನೇ ಸೋಪು ಮಾತ್ರ... ಅದನ್ನ ನೆನೆದ್ರೆ ಈಗಲೂ ನಾಚಿಕೆ ಆಗುತ್ತೆ. ಪುಸ್ತಕದ ಮೊದಲನೇ ಪುಟದಲ್ಲೇ ಬರೆದಿತ್ತಂತೆ, ಅಲ್ಯುಮಿನಿಯಂ ಪಾತ್ರೆ ಮುಟ್ಟಲೇಬಾರದು ಅಂತ. ನಾನು ಮೂರನೇ ಪುಟದಿಂದ ಓದಿದ್ದೆ. ಮುನ್ನುಡಿ ಯಾರು ಓದ್ತಾರೆ ಹೇಳಿ. ನಿಮ್ಮ ದೊಡ್ಡ ಅಲ್ಯುಮಿನಿಯಂ ಪಾತ್ರೆ, ಇಡ್ಲಿ ಹಬೆಗೆ ಇಡ್ತಿದ್ರಲ್ಲ ಅದು, ಅದರಲ್ಲಿ ಕಾಸ್ಟಿಕ್ ಸೋಡದ ನೀರು ಹುಯ್ದೆ. ಕೊತ ಕೊತ ಅಂತ ಕಪ್ಪು ನೊರೆ ಉಕ್ಕಿತು, ಒಲೆ ಹಚ್ಚದೇನೇ! ಅಡುಗೆಮನೆ ತುಂಬ ಹೊಗೆ. ನೀವು ಬಾಗಿಲಲ್ಲಿ ನಿಂತು ನೋಡಿದ್ರಿ. ಪಾತ್ರೆ ತಳ ಜರಡಿ ಆಗಿತ್ತು. ಮೂವತ್ತು ವರ್ಷದ ಪಾತ್ರೆ, ಕೋಪ ಬರದೆ ಇರುತ್ತಾ. ಅದಕ್ಕೇ ತಾನೇ ಮಾರನೇ ದಿನ ನೀವು ಮಗಳ ಮನೆಗೆ ಹೊರಟಿದ್ದು? ನಾನು ಎಲ್ಲರಿಗೂ ಅದನ್ನೇ ಹೇಳಿದ್ದೀನಿ, ತಪ್ಪು ನನ್ನದೇ ಅಂತಾನೇ ಹೇಳಿದ್ದೀನಿ, ಪಾತ್ರೆ ಹಾಳು ಮಾಡಿದೆ, ಅತ್ತೆ ಮುನಿಸ್ಕೊಂಡ್ರು ಅಂತ. ನಿಮ್ಮ ಮಗ ಪಾಪ ಹೊಸ ಪಾತ್ರೆ ತಂದಿದ್ದಾರೆ. ಸ್ಟೀಲಿಂದು. ಮೇಲೆ ಇಟ್ಟಿದ್ದೀನಿ, ಒಂದು ದಿನವೂ ಬಳಸಿಲ್ಲ.

ಕನ್ನಡಕನಾ? ಒರೆಸ್ತಾ ಇದ್ದೀನಲ್ಲ. ಈ ಮೂಲೆಯಲ್ಲಿ ಒಂದು ಕಲೆ ಹೋಗ್ತಾನೇ ಇಲ್ಲ.

ಅತ್ತೆ, ಕೈ ಚಾಚ್ಕೊಂಡು ಕೂರಬೇಡಿ ಹಾಗೆ. ಸಾಲಗಾರಳ ಮುಂದೆ ಕೂತ ಹಾಗಿದೆ. ಸರಿ. ಸರಿ, ಕೊಡ್ತೀನಿ. ಕೊಡೋ ಮುಂಚೆ ಒಂದು ಮಾತು. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರೆ ಆಗುತ್ತಾ? ಎಣ್ಣೆ ಬಂತು, ನಾನು ಕಣ್ಣು ಬಿಟ್ಟೆ. ಅಷ್ಟೇ ನನ್ನ ತಪ್ಪು. ಅದನ್ನ ಮನಸ್ಸಲ್ಲಿಟ್ಕೊಂಡು ಸೋಪಿನ ಹಿಂದುಗಡೆ ಓದಿ. ತಗೊಳ್ಳಿ.

...

ಓದಿದ್ರಾ?

ಪೂರ್ತಿ? ಕೆಳಗಿನ ಸಾಲು ತನಕ?

'ನಮ್ಮನ್ನಗಲಿದ ಪ್ರೀತಿಯ ಅತ್ತೆಯವರ ನೆನಪಿನಲ್ಲಿ.' ಹೌದು. ಅದರ ಕೆಳಗಿರೋದು ಇಸವಿ. ಒಂದು ಹುಟ್ಟಿದ್ದು, ಇನ್ನೊಂದು... ಇನ್ನೊಂದು. ಹುಟ್ಟಿದ್ದು ಅಂದಾಜಿಗೆ ಹಾಕಿದ್ದು, ಐದು ವರ್ಷ ಜಾಸ್ತಿ ಆಗಿದೆಯೇನೋ. ಅದಕ್ಕಾ ಹಾಗೆ ನೋಡ್ತಿರೋದು? ಅದನ್ನ ತಿದ್ದಿಸ್ತೀನಿ. ಎಷ್ಟು ಬೇಕು ಹೇಳಿ, ಹತ್ತು ವರ್ಷ ಕಮ್ಮಿ ಮಾಡಿಸ್ತೀನಿ. ಎರಡನೇದು ತಿದ್ದೋದೇ ಸ್ವಲ್ಪ ಕಷ್ಟ.

ನಾನು ಬೇಕಂತ ಕೊಂದಿದ್ದಲ್ಲ ಅತ್ತೆ! ಆವತ್ತು ಬೆಳಗ್ಗೆ ಸೋಡ ಕಲಸಿ ಸಂತೆಗೆ ಹೋಗಿದ್ದೆ. ಅದರ ಹೊಗೆ ಕಣ್ಣಿಗೆ ತಾಗಿ ಕಣ್ಣು ಕೆಂಪಗೆ ಕೆಂಡ ಆಗಿತ್ತು, ಬಳಬಳ ನೀರು. ಒಬ್ಬರು ವಯಸ್ಸಾದವರು ಬಂದ್ರು. ಲೇಬಲ್ ನೋಡಿದ್ರು. ಇವರು ಎಲ್ಲಿದ್ದಾರೆ ಈಗ ಅಂತ ಕೇಳಿದ್ರು. ಏನು ಹೇಳಲಿ ಅಂತ ಬಾಯಿ ತೆಗೆಯೋದ್ರೊಳಗೆ ಕಣ್ಣಲ್ಲಿ ಮತ್ತೆ ನೀರು ಇಳೀತು. ಅವರು ನನ್ನ ಕೈ ಹಿಡ್ಕೊಂಡು, ತೀರಿಕೊಂಡ್ರೇನಮ್ಮ ಅಂದ್ರು. ನನ್ನ ಕತ್ತು ಹೀಗೆ... ಕೆಳಗೆ ಹೋಯ್ತು. ಒಂದೇ ಸಲ. ಮತ್ತೆ ಮೇಲೆ ಎತ್ತೋಕೆ ಆಗಲಿಲ್ಲ. ಅವರು ಎಂಟು ಸೋಪು ತಗೊಂಡ್ರು. ಮುಂದಿನ ಶನಿವಾರ ತಂಗಿಯನ್ನ ಕರ್ಕೊಂಡು ಬಂದ್ರು, ಆ ತಂಗಿ ತನ್ನ ಬೀಗಿತ್ತಿಯನ್ನ. ಎಲ್ಲರೂ ಬಂದು ಮೊದಲು ನನ್ನ ಬೆನ್ನು ಸವರೋದು, ಆಮೇಲೆ ಸೋಪು ಆರಿಸೋದು. ಲೇಬಲ್ ಅಚ್ಚು ಹಾಕೋನು ಇಸವಿ ಹಾಕಲಾ ಅಕ್ಕ ಅಂದ. ಹಾಕು ಅಂದೆ. ಪಾಪ ಅವನೂ ಕಣ್ಣೊರೆಸ್ಕೊಂಡ, ಆ ಒಂದು ಸಾಲಿಗೆ ಕಾಸು ತಗೊಳ್ಳಲಿಲ್ಲ.

ಈ ಅಂಗಡಿ ಯಜಮಾನಿಗೂ ಅದೇ ಗೊತ್ತಿರೋದು. ಅವರಿಗೂ ಅತ್ತೆ ಇದ್ರಂತೆ, ಹೋದ ವರ್ಷ ತೀರಿಕೊಂಡ್ರಂತೆ. ನಿಮ್ಮ ಸೋಪನ್ನ ನನ್ನ ಅಂಗಡಿ ಕಿಟಕಿಯಲ್ಲೇ ಇಡ್ತೀನಿ ಅಂದ್ರು. ಅವರು ಬರೋ ಹೊತ್ತಿಗೆ ಲೇಬಲ್ ಮೇಲಿರೋ ಮುಖ ಕುರ್ಚಿ ಮೇಲೆ ಕೂತ್ಕೊಂಡು ಬಿಸ್ಕತ್ತು ತಿಂತಿದ್ರೆ ಹೇಗಿರುತ್ತೆ ಹೇಳಿ! ಒಂದೇ ಗಂಟೆ ಅತ್ತೆ. ಒಂದೇ ಒಂದು ಗಂಟೆ ನೀವು ಇಲ್ಲ ಅಂತ ಇರಿ. ಆಮೇಲೆ ನೂರು ವರ್ಷ ಇರಿ.

ಬೈಯಿರಿ. ಏನಾದ್ರೂ ಅನ್ನಿ. ಬಂದಾಗಿನಿಂದ ತುಟಿ ಪಿಟಕ್ ಅಂದಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಇದು ನಿಮ್ಮ ಕಾಲ ಅಂತಾನೇ ಇಟ್ಕೊಳ್ಳಿ, ಬೈಯಿರಿ.

ಸಂತೆಯಲ್ಲಿ ನಾನು ಬರೀ ಸುಳ್ಳೇ ಹೇಳಿಲ್ಲ. ನಿಜಾನೂ ಹೇಳಿದ್ದೀನಿ. ಮದುವೆಯಾದ ಹೊಸದರಲ್ಲಿ ನನ್ನ ಬಲಗೈ ಸುಟ್ಟುಕೊಂಡಿದ್ದೆ, ಕಟ್ಟು ಹಾಕಿದ್ರು. ಹದಿನೈದು ದಿನ ನನ್ನ ತಲೆ ತೊಳೆದವರು ನೀವು. ಬೈಯ್ತಾ ಬೈಯ್ತಾ ತೊಳೆದ್ರಿ. ಇದೇನು ಕೂದಲೋ ಹುಲ್ಲಿನ ಬಣವೆಯೋ, ತಾಯಿಮನೆಯಲ್ಲಿ ಯಾರೂ ಬಾಚ್ತಿರಲಿಲ್ಲವಾ ಅಂತ. ಆದ್ರೆ ಒಂದು ದಿನವೂ ನನ್ನ ಕಣ್ಣಿಗೆ ನೊರೆ ಹೋಗಲಿಲ್ಲ. ಹಣೆ ಮೇಲೆ ಅಂಗೈ ಅಡ್ಡ ಹಿಡೀತಿದ್ರಿ. ಇದನ್ನ ಸಂತೆಯಲ್ಲಿ ಒಬ್ಬರಿಗೆ ಹೇಳ್ತಾ ಹೇಳ್ತಾ ನಾನು ಅತ್ತುಬಿಟ್ಟೆ. ಆವತ್ತು ಸೋಡ ಕಲಸಿರಲಿಲ್ಲ.

ಬಂತು. ಬೆಲ್ಲು. ಅವರೇ. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇದೆ... ಬಂದೆ ಮೇಡಂ, ಒಂದೇ ನಿಮಿಷ!

ಯಾಕೆ ಎದ್ರಿ? ಬಾಗಿಲು ನೀವು ತೆಗೀಬೇಡಿ, ನಿಮಗೆ ಕೈ ಮುಗೀತೀನಿ, ನಾನು...

ಆ ಕಡೆ ಎಲ್ಲಿಗೆ ಅತ್ತೆ?

ಒಳಗಾ? ಒಳಗೆ ಹೋಗ್ತೀರಾ? ಚಪ್ಪಲಿ ಯಾಕೆ ಕೈಗೆ ತಗೊಂಡ್ರಿ? ಓ... ಬಾಗಿಲ ಹತ್ರ ಕಾಣಬಾರದು ಅಂತ. ಬ್ಯಾಗನ್ನೂ ತಗೊಂಡ್ರಿ.

ನಿಂತ್ಕೊಳ್ಳಿ. ಅತ್ತೆ, ನಿಂತ್ಕೊಳ್ಳಿ ಸ್ವಲ್ಪ.

ಆವತ್ತೂ ಹೀಗೇ ಹೋದ್ರಿ ನೀವು. ಇದೇ ಬ್ಯಾಗು, ಹೀಗೇ, ಒಂದು ಮಾತೂ ಆಡದೆ. ಪಾತ್ರೆಗೋಸ್ಕರ ಅಲ್ಲ. ಪಾತ್ರೆ ನೋಡಿ ನೀವು ಏನೂ ಅನ್ನಲಿಲ್ಲ, ಮೊದಲು ನಿನ್ನ ಕೈ ತೋರಿಸು, ಸುಡ್ತಾ ಅಂದ್ರಿ. ನನಗೆ ಕೋಪ ಬಂದಿದ್ದೇ ಅದಕ್ಕೆ. ಯಾವಾಗಲೂ ಎಲ್ಲದರಲ್ಲೂ ನೀವೇ ಗೆಲ್ಲೋದು ಅಂತ ಅನ್ನಿಸ್ತು. ಬಾಯಿಗೆ ಬಂದಿದ್ದು ಅಂದೆ. ನೀವು ಸತ್ತ ಮೇಲೇ ಈ ಮನೇಲಿ ನನಗೆ ಉಸಿರಾಡೋಕೆ ಆಗೋದು ಅಂದೆ.

ಮಾತು ಆಡಿದರೆ ಹೋಯ್ತು ಅಂತಾರೆ. ಅದು ಎಲ್ಲಿಗೂ ಹೋಗಲಿಲ್ಲ ಅತ್ತೆ. ಹೋಗಿ ಅಚ್ಚು ಹಾಕಿಸಿದ್ದೀನಿ ಅದನ್ನೇ, ಇಸವಿ ಸಮೇತ.

ನೀವು ಯಾರಿಗೂ ಹೇಳಲಿಲ್ಲ ಅಲ್ವಾ? ಮಗನಿಗೂ ಇಲ್ಲ, ಮಗಳಿಗೂ ಇಲ್ಲ. ಹೋದ ವಾರ ನಾದಿನಿ ಫೋನಲ್ಲಿ, ಒಂದು ತೂತು ಪಾತ್ರೆಗೆ ಅಮ್ಮ ಇಷ್ಟು ಹಟ ಮಾಡ್ತಾರಲ್ಲ ಅತ್ತಿಗೆ ಅಂತ ನಕ್ಕಳು. ನಾನೂ ನಕ್ಕೆ. ಹನ್ನೊಂದು ತಿಂಗಳು ಎಲ್ಲರ ಬಾಯಲ್ಲೂ ನೀವು ಪಾತ್ರೆಗೆ ಮುನಿದ ಮುದುಕಿ ಅನ್ನಿಸ್ಕೊಂಡ್ರಿ, ನನ್ನ ಮಾತು ಮಾತ್ರ ಹೊರಗೆ ಬಿಡಲಿಲ್ಲ. ಸಂತೆಯಲ್ಲಿ ಆ ವಯಸ್ಸಾದವರು ಎಲ್ಲಿದ್ದಾರೆ ಅಂತ ಕೇಳಿದಾಗ ನಾನು ಏನಂತ ಹೇಳಬೇಕಿತ್ತು? ಬದುಕಿದ್ದಾರೆ, ನಾನೇ ಓಡಿಸಿದೆ ಅಂತಾನಾ? ಸತ್ತಿದ್ದಾರೆ ಅನ್ನೋದೇ ಸುಲಭವಾಗಿತ್ತು.

ಮೂರನೇ ಸಲ ಬೆಲ್ಲು ಮಾಡ್ತಿದ್ದಾರೆ. ಮಾಡಲಿ. ಆ ಬ್ಯಾಗು ಕೊಡಿ ಇಲ್ಲಿ. ಕೊಡಿ ಅತ್ತೆ, ಬಿಗಿಯಾಗಿ ಹಿಡ್ಕೊಬೇಡಿ. ಚಪ್ಪಲಿ ಕೆಳಗಿಡಿ. ಈ ಕುರ್ಚಿ ಮೇಲೆ ಕೂತ್ಕೊಳ್ಳಿ, ಬಾಗಿಲಿಗೆ ನೇರವಾಗಿ. ಇನ್ನೂರು ಸೋಪು ಹೋದ್ರೆ ಹೋಗಲಿ, ನೆಂಟರಿಗೆಲ್ಲ ಹಂಚೋಣ, ಹತ್ತು ವರ್ಷ ಸ್ನಾನ ಮಾಡೋಣ.

ಬನ್ನಿ ಮೇಡಂ, ತಡ ಆಯ್ತು, ಕ್ಷಮಿಸಿ. ಒಳಗೆ ಬನ್ನಿ. ಇವರು... ಹೌದು, ಅವರೇ. ನಮ್ಮತ್ತೆ. ಇವರು ಸತ್ತಿಲ್ಲ ಮೇಡಂ. ಸುಳ್ಳು ಹೇಳಿದವಳು ನಾನು.